ಊರಿನ ಲೆಕ್ಕ ಮತ್ತು ವ್ಯಕ್ತಿಯ ವರದಿ: ಮೈಸೂರು ಸೀಮೆಯಲ್ಲಿ ವಿಮಾದರದ ಆಧಾರವನ್ನು ಕುರಿತು ಒಂದು ವಿಚಾರ

ವಿಮೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕಂಪೆನಿಗಳ ಸ್ಥಾಪನೆ, ಅವುಗಳ ಬಂಡವಾಳ, ಅವುಗಳನ್ನು ಕುರಿತ ಶಾಸನಗಳು ಇವುಗಳನ್ನೇ ಮುಖ್ಯವಾಗಿ ವಿವರಿಸಿದ್ದಾರೆ. ಆದರೆ ವಿಮೆ ಮಾಡಿಸತಕ್ಕವನ ದೃಷ್ಟಿಯಿಂದ ನೋಡಿದರೆ ಇವೆಲ್ಲಕ್ಕಿಂತ ಮುಂಚೆ ಏಳುವ ಪ್ರಶ್ನೆ ಬೇರೊಂದು. ನೆರೆಯವನಿಂದ ಇಷ್ಟು ಕಂತನ್ನು ತೆಗೆದುಕೊಂಡವರು ತನ್ನಿಂದ ಅದಕ್ಕಿಂತ ಹೆಚ್ಚನ್ನು ಕೇಳುವುದೇಕೆ? ಆ ನಿರ್ಧಾರವನ್ನು ಮಾಡಿದವರು ಯಾವ ಬರಹವನ್ನು ನೋಡಿ ಮಾಡಿದರು? ಆ ಬರಹವನ್ನು ಬರೆದವರು ಯಾರು? ಅದರಲ್ಲಿ ತಪ್ಪಿದ್ದರೆ ತಿದ್ದಿಸುವ ದಾರಿ ಯಾವುದು? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಮೈಸೂರು ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ವಿಚಾರಮಾಡಲು ಯತ್ನಿಸಿದ್ದೇವೆ.

ದರವನ್ನು ಗೊತ್ತುಮಾಡಲು ಉಪಯೋಗಿಸಿದ ಬರಹಗಳು ಮೂರು ಬಗೆಯವೆಂದು ಹೇಳಬಹುದು. ಮೊದಲನೆಯದು ಸಮುದಾಯದ ಲೆಕ್ಕ. ಎಂದರೆ ಜನಗಣತಿ ಮತ್ತು ಮರಣದ ಕೋಷ್ಟಕಗಳು. ಎರಡನೆಯದು ಸ್ಥಳದ ಲೆಕ್ಕ. ಎಂದರೆ ಒಂದು ತಾಲ್ಲೂಕಿನ ಮಳೆ, ಒಂದು ಹೋಬಳಿಯ ಬೆಳೆ. ಮೂರನೆಯದು ವ್ಯಕ್ತಿಯ ವರದಿ. ಎಂದರೆ ಒಬ್ಬೊಬ್ಬ ಮನುಷ್ಯನ ಸಾಲ, ನಡತೆ, ಹಿಂದಿನ ನಷ್ಟಗಳು ಇವುಗಳನ್ನು ಕುರಿತು ಬೇರೊಬ್ಬರು ಸಂಗ್ರಹಿಸಿಟ್ಟ ಮಾಹಿತಿ. ಈ ಮೂರನ್ನೂ ಒರೆಹಚ್ಚಿ ನೋಡಲು ನಾವು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯನ್ನು ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಕಾಡಿನ ಅಂಚಿಗೆ, ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿರುವ ಈ ಹೋಬಳಿಯ ಊರು ಯಾವ ವಿಮಾಕಂಪೆನಿಯ ಕೇಂದ್ರಕ್ಕೂ ಹತ್ತಿರವಾದುದಲ್ಲ. ಕೇಂದ್ರದಲ್ಲಿ ಮಾಡಿದ ಲೆಕ್ಕ ಅಂಚಿನಲ್ಲಿರುವವನಿಗೆ ಹೇಗೆ ತಾಗುತ್ತದೆಂಬುದನ್ನು ತಿಳಿಯಲು ಇಂಥ ಊರೇ ಉಚಿತವಾದುದು.

1. ಸಮುದಾಯದ ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಇಂಡಿಯಾದಲ್ಲಿ ವ್ಯವಹರಿಸುತ್ತಿದ್ದ ಐರೋಪ್ಯ ಕಂಪೆನಿಗಳು ಭಾರತೀಯರ ಜೀವಕ್ಕೆ ವಿಮೆಯನ್ನು ಕೊಡಲು ಹಿಂಜರಿಯುತ್ತಿದ್ದವು. ಕೊಟ್ಟರೂ ಐರೋಪ್ಯರಿಂದ ತೆಗೆದುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚಿನ ಕಂತನ್ನು ವಿಧಿಸುತ್ತಿದ್ದವು. ಇಲ್ಲಿ ದರವನ್ನು ಗೊತ್ತುಮಾಡಿದ್ದು ವ್ಯಕ್ತಿಯ ಆರೋಗ್ಯವಲ್ಲ, ಅವನ ಜನಾಂಗ. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಭಾರತೀಯರಿಗೂ ಸಾಮಾನ್ಯ ದರದಲ್ಲಿಯೇ ವಿಮೆಯನ್ನು ಕೊಟ್ಟಿತು. 1874ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಓರಿಯಂಟಲ್ ಕಂಪೆನಿಯೂ ಅದೇ ದಾರಿಯನ್ನು ಹಿಡಿಯಿತು.

ಹೀಗೆ ಒಂದು ಅನ್ಯಾಯ ಹಿಂದೆ ಸರಿದರೂ ಅದರ ಸ್ಥಾನದಲ್ಲಿ ನಿಲ್ಲತಕ್ಕ ಲೆಕ್ಕವೊಂದು ಬೇಕಾಗಿದ್ದಿತು. 1881ರಿಂದ ಮುಂದಿನ ಜನಗಣತಿಗಳ ಆಧಾರದ ಮೇಲೆ ಜಿ.ಎಫ್. ಹಾರ್ಡಿ ಎಂಬ ವಿಮಾಗಣಿತಜ್ಞನು ಇಂಡಿಯಾದ ಆಯುಷ್ಯದ ಕೋಷ್ಟಕಗಳನ್ನು ಸಿದ್ಧಪಡಿಸಿದನು. 1881, 1891, 1901ರ ಈ ಮೂರು ಕೋಷ್ಟಕಗಳಲ್ಲಿಯೂ ಗಂಡುಮಕ್ಕಳ ಸರಾಸರಿ ಆಯುಃಪ್ರಮಾಣವು ಹುಟ್ಟಿದಾಗ 25 ವರ್ಷಗಳನ್ನು ಮುಟ್ಟಲಿಲ್ಲ. ಮೈಸೂರು ಸಂಸ್ಥಾನದ ಮಟ್ಟಿಗೆ ಹೇಳುವುದಾದರೆ, 1871ರಲ್ಲಿ 50,55,412 ಇದ್ದ ಜನಸಂಖ್ಯೆಯು 1876–78ರ ಮಹಾಕ್ಷಾಮದ ತರುವಾಯ 1881ರಲ್ಲಿ 41,86,188ಕ್ಕೆ ಇಳಿದಿದ್ದಿತು. ಶಿಶುಮರಣವನ್ನೂ ಕ್ಷಾಮವನ್ನೂ ಒಳಗೊಂಡ ಇಂಥ ಅಂಕಿಗಳು ದೇಶದ ದುಃಖವನ್ನು ತಿಳಿಸುತ್ತವೆಯೇ ಹೊರತು, ಮೂವತ್ತು ವರ್ಷ ವಯಸ್ಸಿನ ಒಬ್ಬ ಗುಮಾಸ್ತನಿಂದ ಎಷ್ಟು ಕಂತನ್ನು ತೆಗೆದುಕೊಳ್ಳಬೇಕೆಂಬುದನ್ನು ನೇರವಾಗಿ ತಿಳಿಸಲಾರವು. ಆದಕಾರಣ ಕಂಪೆನಿಗಳು ತಮ್ಮಲ್ಲಿ ವಿಮೆ ಮಾಡಿಸಿದವರ ಮರಣದ ಲೆಕ್ಕವನ್ನೇ ಬೇರೆಯಾಗಿ ಇಡತೊಡಗಿದವು. ಓರಿಯಂಟಲ್ ಕಂಪೆನಿಯ 1925–35ರ ಅನುಭವದಿಂದ ಹುಟ್ಟಿದ ಕೋಷ್ಟಕವು, 1956ರಲ್ಲಿ ಜೀವವಿಮಾ ನಿಗಮವು ಸ್ಥಾಪಿತವಾದ ಮೇಲೆಯೂ ಕೆಲವು ಕಾಲ ಬಳಕೆಯಲ್ಲಿ ಉಳಿದಿದ್ದಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಸಮುದಾಯದ ಲೆಕ್ಕದಲ್ಲಿ ಒಬ್ಬೊಬ್ಬನ ಹೆಸರಿಲ್ಲ. ಆದರೆ ಯಾರನ್ನು ಆ ಸಮುದಾಯದೊಳಕ್ಕೆ ಸೇರಿಸಿಕೊಂಡರೋ ಅವರ ಅನುಭವ ಮಾತ್ರವೇ ಅದರಲ್ಲಿ ದಾಖಲಾಗುತ್ತದೆ. ಪಟ್ಟಣದ ನೌಕರ, ವರ್ತಕ, ವಕೀಲ ಇವರ ಆಯುಷ್ಯವು ಅದರಲ್ಲಿ ಉಂಟು. ಅಂತರಸಂತೆಯ ಸುತ್ತಣ ಹಾಡಿಗಳ ಜೇನುಕುರುಬರ, ಕಾಡುಕುರುಬರ ಆಯುಷ್ಯ ಅದರಲ್ಲಿ ಸೇರಿದ್ದಿತೆಂದು ಭಾವಿಸಲು ಆಧಾರವಿಲ್ಲ.

2. ಸರ್ಕಾರದ ಮನೆಯೊಳಗಣ ವಿಮೆ

1891ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್‌ರವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ತನ್ನ ನೌಕರರಿಗಾಗಿ ಜೀವವಿಮೆಯ ಯೋಜನೆಯೊಂದನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲವು ಇದೇ. 1958ರ ನಿಯಮಗಳಿಂದ ಸರ್ಕಾರಿ ನೌಕರರಿಗೆ ಈ ವಿಮೆ ಕಡ್ಡಾಯವಾಯಿತು.

ಕಡ್ಡಾಯವೆಂಬ ಮಾತು ಮೇಲುನೋಟಕ್ಕೆ ಬಲವಂತವಾಗಿ ಕಂಡರೂ, ದರದ ದೃಷ್ಟಿಯಿಂದ ಅದಕ್ಕೆ ಬೇರೊಂದು ಅರ್ಥವುಂಟು. ವಿಮೆಯು ಐಚ್ಛಿಕವಾಗಿದ್ದಲ್ಲಿ, ತನಗೆ ಗಂಡಾಂತರ ಹೆಚ್ಚೆಂದು ಬಲ್ಲವನೇ ಮುಂದಾಗಿ ಬಂದು ಸೇರುವನೆಂಬ ಅನುಮಾನ ವಿಮೆ ಕೊಡುವವನಿಗೆ ತಪ್ಪಿದ್ದಲ್ಲ. ಈ ಅನುಮಾನವೇ ವರದಿಗಳ ತಾಯಿ. ವೈದ್ಯನ ವರದಿ, ಏಜೆಂಟನ ಗುಪ್ತವರದಿ, ಗೆಳೆಯರ ಹೇಳಿಕೆ ಇವೆಲ್ಲವೂ ಹುಟ್ಟಿದ್ದು ಇದರಿಂದಲೇ. ಎಲ್ಲರೂ ಸೇರಲೇಬೇಕೆಂಬ ನಿಯಮವಿರುವೆಡೆ ಆರಿಸಿಕೊಳ್ಳುವ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅದರೊಡನೆ ವರದಿಯ ಅಗತ್ಯವೂ ಕಡಮೆಯಾಗುತ್ತದೆ. ಹೆಗ್ಗಡದೇವನಕೋಟೆಯ ಕಾಡುಸೀಮೆಯು ಹಿಂದೆ ಮಲೇರಿಯಕ್ಕೆ ಹೆಸರಾದುದು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಗುವ ಮುನ್ನ ಇಂಥ ಊರುಗಳಿಗೆ ವರ್ಗವಾದ ಶಾಲೆಯ ಉಪಾಧ್ಯಾಯನಿಗೂ ಅರಣ್ಯದ ನೌಕರನಿಗೂ ಜ್ವರದ ಭಯ ತಪ್ಪುತ್ತಿರಲಿಲ್ಲ. ಲಾಭಕ್ಕಾಗಿ ನಡೆಯುವ ವಿಮೆಯ ಕಣ್ಣಿಗೆ ಊರಿನ ಹೆಸರೇ ಒಂದು ವರದಿಯಾಗಬಹುದು. ಎಲ್ಲ ನೌಕರರನ್ನೂ ಒಂದೇ ನಿಧಿಯಲ್ಲಿ ಕೂಡಿಸುವ ಕ್ರಮದಲ್ಲಾದರೋ, ಕಾಡಿನಂಚಿನವನ ಗಂಡಾಂತರವನ್ನು ಬೆಂಗಳೂರಿನವನೂ ಪಾಲುಹಂಚಿಕೊಳ್ಳುತ್ತಾನೆ.

3. ಮಳೆಯ ಲೆಕ್ಕ: ಚಕ್ರವರ್ತಿಯವರ ಯೋಜನೆ

ಮೈಸೂರು ಸೀಮೆಯು ವಿಮೆಯ ಚರಿತ್ರೆಗೆ ಕೊಟ್ಟ ಮುಖ್ಯವಾದ ಕಾಣಿಕೆ ಬಹುಶಃ ಜೆ.ಎಸ್. ಚಕ್ರವರ್ತಿಯವರ ವಿಚಾರ. ಸಂಸ್ಥಾನದ ಸೇವೆಯಲ್ಲಿದ್ದ ಇವರು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಿಂದಲೂ ಬೇಸಾಯದ ವಿಮೆಯನ್ನು ಕುರಿತು ಚಿಂತಿಸಿ, 1920ರಲ್ಲಿ ಆ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕ್ಷಾಮದ ನೆನಪು ಇನ್ನೂ ಆರದಿದ್ದ ಸಂಸ್ಥಾನದಲ್ಲಿ ಅವರಿಗೆ ಎದುರಾದ ತೊಡಕು ಸ್ಪಷ್ಟವಾದುದು. ಸಾವಿರಾರು ಸಣ್ಣ ಹಿಡುವಳಿಗಳಲ್ಲಿ ಒಬ್ಬೊಬ್ಬ ರೈತನ ಬೆಳೆಯನ್ನೂ ಅಳೆದು, ನಷ್ಟವು ಮಳೆಯಿಂದ ಆಯಿತೋ ಆಲಸ್ಯದಿಂದ ಆಯಿತೋ ಎಂದು ತೀರ್ಮಾನಿಸುವವರು ಯಾರು? ಅದಕ್ಕೆ ತಗಲುವ ವೆಚ್ಚವೆಷ್ಟು? ಅಳೆಯುವವನ ಪಕ್ಷಪಾತಕ್ಕೆ ಮದ್ದೇನು?

ಚಕ್ರವರ್ತಿಯವರು ಸೂಚಿಸಿದ ಪರಿಹಾರವು ಸರಳವಾದುದು. ರೈತನನ್ನು ಅಳೆಯುವುದು ಬೇಡ, ಮಳೆಯನ್ನು ಅಳೆಯೋಣ. ಒಂದು ಪ್ರದೇಶದ ಮಳೆಮಾಪಕದಲ್ಲಿ ವಾಡಿಕೆಯ ಮಳೆಗಿಂತ ಗೊತ್ತಾದ ಪ್ರಮಾಣಕ್ಕೂ ಕಡಮೆಯಾದ ಮಳೆ ದಾಖಲಾದರೆ ಆ ಪ್ರದೇಶದಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಹಣ ಸಲ್ಲತಕ್ಕದ್ದು. ಮಳೆಯ ಅಂಕಿಯನ್ನು ಯಾವ ರೈತನೂ ಮೋಸದಿಂದ ಬದಲಾಯಿಸಲಾರ. ಯಾವ ಅಧಿಕಾರಿಯ ದಾಕ್ಷಿಣ್ಯವೂ ಅದಕ್ಕೆ ಬೇಕಿಲ್ಲ. ವ್ಯಕ್ತಿಯನ್ನು ಕುರಿತ ವರದಿಯನ್ನು ಪೂರ್ತಿಯಾಗಿ ಬಿಟ್ಟು, ಸ್ಥಳದ ಲೆಕ್ಕದ ಮೇಲೆ ಮಾತ್ರವೇ ವಿಮೆಯನ್ನು ನಿಲ್ಲಿಸಬಹುದೆಂಬ ಈ ವಿಚಾರವು ಆ ಕಾಲಕ್ಕೆ ಬಹು ಮುಂದಾದುದಾಗಿದ್ದಿತು. ಸಂಸ್ಥಾನದಲ್ಲಿ ಅದು ಕಾರ್ಯರೂಪಕ್ಕೆ ಬರಲಿಲ್ಲ.

4. ಅಟ್ಲಾಂಟದ ಅಂಗಡಿಯ ಪಟ್ಟಿ

ಇದೇ ಕಾಲದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಕ್ರಮವು ಬೆಳೆಯುತ್ತಿದ್ದಿತು. 1899ರಲ್ಲಿ ಅಟ್ಲಾಂಟ ನಗರದಲ್ಲಿ ವುಲ್‌ಫೋರ್ಡ್ ಸಹೋದರರು ರೀಟೇಲ್ ಕ್ರೆಡಿಟ್ ಕಂಪೆನಿ ಎಂಬ ಸಂಸ್ಥೆಯನ್ನು ಕಟ್ಟಿದರು. ಊರಿನ ದಿನಸಿ ಅಂಗಡಿಗಳವರಿಗಾಗಿ, ಯಾರು ಸಾಲವನ್ನು ಸರಿಯಾಗಿ ತೀರಿಸುತ್ತಾರೆ, ಯಾರು ತೀರಿಸುವುದಿಲ್ಲ ಎಂಬ ಪಟ್ಟಿಯನ್ನು ಮಾಡಿ ಮಾರುವುದು ಅದರ ಮೊದಲ ಕೆಲಸ. ಕೆಲವೇ ವರ್ಷಗಳಲ್ಲಿ ಅದು ವಿಮಾಕಂಪೆನಿಗಳಿಗೂ ವ್ಯಕ್ತಿಗಳನ್ನು ಕುರಿತು ವರದಿ ಮಾಡತೊಡಗಿತು. 1975ರಲ್ಲಿ ಇಕ್ವಿಫ್ಯಾಕ್ಸ್ ಎಂಬ ಹೆಸರನ್ನು ತಳೆದ ಸಂಸ್ಥೆಯು ಇದೇ.

ಉದ್ರಿಯ ಪುಸ್ತಕವು ನಮ್ಮ ಸಂತೆಗಳಿಗೆ ಹೊಸತಲ್ಲ. ಸಂತೆಯ ಅಂಗಡಿಯವನ ಬಳಿಯೂ ಯಾರ ಬಾಕಿ ಎಷ್ಟೆಂಬ ಬರಹವುಂಟು. ಆದರೆ ಆ ಪುಸ್ತಕವು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಆಚೆಗೆ ಹೋಗದು. ಬಾಕಿಯವನು ಸುಗ್ಗಿಯಲ್ಲಿ ಬಂದು ಹಣ ಕೊಟ್ಟರೆ ಅವನೆದುರಿಗೇ ಗೀಟು ಹೊಡೆಯುತ್ತಾರೆ. ಬೆಳೆ ಕೆಟ್ಟಿತೆಂಬುದು, ಮನೆಯಲ್ಲಿ ಕಾಯಿಲೆಯೆಂಬುದು ಬರೆದವನಿಗೂ ಗೊತ್ತು. ಅಟ್ಲಾಂಟದ ಪಟ್ಟಿಯಲ್ಲಿ ಆದ ಬದಲಾವಣೆಯೆಂದರೆ, ಬರಹವು ಅಂಗಡಿಯನ್ನು ಬಿಟ್ಟು ಹೊರಟುಹೋಯಿತು. ಯಾರ ವಿಷಯವಾಗಿ ಬರೆದರೋ ಅವನನ್ನು ಕಾಣದವರ ಕೈಗೆ ಅದು ಸೇರಿತು. ದಿನಸಿಯ ಸಾಲಕ್ಕಾಗಿ ಬರೆದುದು ವಿಮೆಯ ದರಕ್ಕೆ ಆಧಾರವಾಯಿತು.

ಇದರ ಪರಿಣಾಮಗಳನ್ನು ಕಂಡು ಅಮೆರಿಕದ ಶಾಸನಸಭೆಯು 1970ರಲ್ಲಿ ಪತ್ತಿನ ವರದಿಗಳನ್ನು ಕುರಿತ ಕಾನೂನನ್ನು ಮಾಡಿತು. ವರದಿಯ ಆಧಾರದ ಮೇಲೆ ವಿಮೆಯನ್ನು ನಿರಾಕರಿಸಿದರೆ ಅಥವಾ ಹೆಚ್ಚಿನ ದರವನ್ನು ವಿಧಿಸಿದರೆ ಆ ಸಂಗತಿಯನ್ನು ಆ ವ್ಯಕ್ತಿಗೆ ತಿಳಿಸತಕ್ಕದ್ದು. ವರದಿಯಲ್ಲಿ ತಪ್ಪಿದ್ದರೆ ಅವನು ಆಕ್ಷೇಪಿಸಬಹುದು ಎಂಬುದು ಅದರ ಸಾರ. ಮೊತ್ತಮೊದಲು ವಿಮೆ ಮಾಡಿಸುವಾಗ ವಿಧಿಸಿದ ದರವೂ, ವರದಿಯಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾಗಿದ್ದರೆ, ಈ ನಿಯಮಕ್ಕೆ ಒಳಪಡುತ್ತದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ತೀರ್ಪು ಕೊಟ್ಟಿತು.

ಅದೇ 2007ರಲ್ಲಿ ಅಲ್ಲಿಯ ಫೆಡರಲ್ ವಾಣಿಜ್ಯ ಆಯೋಗವು ಪ್ರಕಟಿಸಿದ ವರದಿಯೂ ಗಮನಾರ್ಹವಾದುದು. ಸಾಲದ ದಾಖಲೆಯಿಂದ ಪಡೆದ ಅಂಕವು ಮೋಟಾರು ವಿಮೆಯಲ್ಲಿ ಮುಂದೆ ಬರಬಹುದಾದ ಪರಿಹಾರದ ಬೇಡಿಕೆಯನ್ನು ಸೂಚಿಸಬಲ್ಲುದೆಂದು ಆಯೋಗವು ಒಪ್ಪಿತು. ಆದರೆ ಕರಿಯರೂ ಹಿಸ್ಪಾನಿಕ್ ಜನರೂ ಕಡಮೆ ಅಂಕದವರ ಗುಂಪಿನಲ್ಲಿ ತಮ್ಮ ಸಂಖ್ಯೆಯ ಪ್ರಮಾಣವನ್ನು ಮೀರಿ ಇದ್ದಾರೆಂಬುದನ್ನೂ ಅದು ಹೇಳಿತು. ಕ್ಯಾಲಿಫೋರ್ನಿಯ, ಮಸಾಚುಸೆಟ್ಸ್, ಹವಾಯಿ ರಾಜ್ಯಗಳಲ್ಲಿ ಮೋಟಾರು ವಿಮೆಯ ದರಕ್ಕೆ ಸಾಲದ ದಾಖಲೆಯನ್ನು ಆಧಾರ ಮಾಡಿಕೊಳ್ಳಲು ಅವಕಾಶವಿಲ್ಲ. ಬೇರೆ ಬಹುತೇಕ ರಾಜ್ಯಗಳಲ್ಲಿ ಉಂಟು. ಒಂದೇ ದೇಶದಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರಗಳಿರುವುದನ್ನು ನೋಡಿದರೆ, ಇದು ಬರಿಯ ಗಣಿತದ ಪ್ರಶ್ನೆಯಲ್ಲವೆಂಬುದು ವಿದಿತವಾಗುತ್ತದೆ.

5. ಹೋಬಳಿಗೆ ಮರಳಿ ಬಂದ ಲೆಕ್ಕ

ಸ್ವತಂತ್ರ ಭಾರತದಲ್ಲಿ ಬೆಳೆವಿಮೆಯ ಮೊದಲ ಪ್ರಯೋಗವು ಚಕ್ರವರ್ತಿಯವರ ದಾರಿಯನ್ನು ಹಿಡಿಯಲಿಲ್ಲ. 1972ರಲ್ಲಿ ಗುಜರಾತಿನ ಎಚ್-4 ಹತ್ತಿಯಿಂದ ಆರಂಭವಾಗಿ, ಅನಂತರ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ಹರಡಿದ ಆ ಯೋಜನೆಯಲ್ಲಿ ಒಬ್ಬೊಬ್ಬ ರೈತನ ನಷ್ಟವನ್ನೂ ಬೇರೆಬೇರೆಯಾಗಿ ಗೊತ್ತುಮಾಡಬೇಕಾಗಿದ್ದಿತು. 1978ರ ವರೆಗೆ ಸೇರಿದ ರೈತರು 3,110. ಬಂದ ಕಂತು 4.54 ಲಕ್ಷ ರೂಪಾಯಿ; ಕೊಟ್ಟ ಪರಿಹಾರ 37.88 ಲಕ್ಷ ರೂಪಾಯಿ. ಬಂದುದರ ಎಂಟರಷ್ಟನ್ನು ಕೊಡಬೇಕಾಗಿ ಬಂದ ಯೋಜನೆಯು ನಿಂತುಹೋಯಿತು. ಪ್ರೊಫೆಸರ್ ವಿ.ಎಂ. ದಾಂಡೇಕರರು 1976ರಲ್ಲಿ ಪ್ರದೇಶವನ್ನೇ ಘಟಕವಾಗಿ ಹಿಡಿಯಬೇಕೆಂದು ಪ್ರತಿಪಾದಿಸಿದರು. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆವಿಮೆ, 1999ರ ರಾಷ್ಟ್ರೀಯ ಕೃಷಿವಿಮೆ ಇವೆಲ್ಲವೂ ಆ ತತ್ತ್ವದ ಮೇಲೆಯೇ ನಿಂತವು. 2007ರ ಮುಂಗಾರಿನಲ್ಲಿ ಹವಾಮಾನವನ್ನೇ ಆಧಾರವಾಗುಳ್ಳ ಬೆಳೆವಿಮೆಯು ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಜಾರಿಗೆ ಬಂದಿತು. ಹೀಗೆ, ಗ್ರಂಥವು ಪ್ರಕಟವಾದ 87 ವರ್ಷಗಳ ತರುವಾಯ, ಮಳೆಯನ್ನು ಅಳೆದು ರೈತನಿಗೆ ಹಣ ಕೊಡುವ ವಿಚಾರವು ತಾನು ಹುಟ್ಟಿದ ಸೀಮೆಗೇ ಮರಳಿತು.

2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮಪಂಚಾಯಿತಿಯೇ ಘಟಕ. ಇತರ ಬೆಳೆಗಳಿಗೆ ಕರ್ನಾಟಕದಲ್ಲಿ ಹೋಬಳಿ. ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನು ಕೊಡತಕ್ಕದ್ದು ವಿಮಾಮೊತ್ತದ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಬೆಳೆಗಳಿಗೂ ತೋಟದ ಬೆಳೆಗಳಿಗೂ 5. ಗಣಿತದಿಂದ ಬಂದ ನಿಜವಾದ ದರವು ಇದಕ್ಕಿಂತ ಎಷ್ಟು ಹೆಚ್ಚಾದರೂ ಉಳಿದುದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಅಂತರಸಂತೆ ಹೋಬಳಿಯಲ್ಲಿ ರಾಗಿ ಬೆಳೆಯುವವನು ತನ್ನ ಸಹಕಾರ ಸಂಘದ ಬಾಕಿಯನ್ನು ತೀರಿಸಿದ್ದರೂ ತೀರಿಸದಿದ್ದರೂ ಅವನ ವಿಮೆಯ ದರ ಒಂದೇ. ಹತ್ತಿ ಬೆಳೆಯುವವನ ದರ ಹೆಚ್ಚಾದರೆ ಅದು ಬೆಳೆಯ ಕಾರಣದಿಂದ, ಅವನ ನಡತೆಯ ವರದಿಯಿಂದಲ್ಲ.

ಆದರೆ ಸ್ಥಳದ ಲೆಕ್ಕದಲ್ಲಿಯೂ ಕುಂದಿಲ್ಲವೆಂದು ನಾವು ಹೇಳುವುದಿಲ್ಲ. ಮೈಸೂರು ಜಿಲ್ಲೆಯಲ್ಲಿ ಪಶ್ಚಿಮದ ಕಾಡಿನಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಮೆಯಾಗುತ್ತದೆ. ಒಂದೇ ಪಂಚಾಯಿತಿಯಲ್ಲಿ ಒಂದು ಹೊಲಕ್ಕೆ ಬಂದ ಮಳೆ ಇನ್ನೊಂದಕ್ಕೆ ಬಾರದೆ ಹೋಗಬಹುದು. ಸರಾಸರಿಯಲ್ಲಿ ಬೆಳೆ ಚೆನ್ನಾಗಿದ್ದರೆ, ಬೆಳೆ ಕಳೆದುಕೊಂಡ ಒಬ್ಬನಿಗೆ ಏನೂ ದೊರೆಯದು. ಕಾಡಿನಂಚಿನಲ್ಲಿ ಈ ಕುಂದು ಇನ್ನೂ ಎದ್ದುಕಾಣುತ್ತದೆ. ಆನೆಯ ಹಿಂಡು ಇಡೀ ಪಂಚಾಯಿತಿಯನ್ನು ತುಳಿಯುವುದಿಲ್ಲ, ಒಬ್ಬನ ಹೊಲವನ್ನು ತುಳಿಯುತ್ತದೆ. ಕಾಡುಪ್ರಾಣಿಗಳಿಂದಾದ ಬೆಳೆನಷ್ಟವನ್ನೂ ಸ್ಥಳೀಯ ವಿಪತ್ತಾಗಿ ಪರಿಗಣಿಸಿ 2026ರ ಮುಂಗಾರಿನಿಂದ ವಿಮೆಯಲ್ಲಿ ಸೇರಿಸುವುದಾಗಿ ಕೇಂದ್ರ ಸರ್ಕಾರವು 2025ರ ನವೆಂಬರಿನಲ್ಲಿ ಪ್ರಕಟಿಸಿದುದು ಈ ಕಾರಣದಿಂದಲೇ. ಆದರೆ ಇಂಥ ನಷ್ಟಕ್ಕೆ ರೈತನೇ 72 ಗಂಟೆಗಳೊಳಗಾಗಿ ಛಾಯಾಚಿತ್ರದೊಡನೆ ವರದಿ ಮಾಡಬೇಕು. ಹಿಂದೆ ಬಿಟ್ಟುಬಂದ ವ್ಯಕ್ತಿಯ ವರದಿಯು ಬೇರೊಂದು ಬಾಗಿಲಿನಿಂದ ಒಳಬಂದಿತು.

ಇನ್ನೊಂದು ಕುಂದು ಹೆಚ್ಚು ಆಳವಾದುದು. ಬೆಳೆವಿಮೆಗೆ ಪಹಣಿಯೋ ಉಳುಮೆಯ ಹಕ್ಕನ್ನು ತೋರಿಸುವ ಬೇರೆ ಕಾಗದವೋ ಬೇಕು. ವಾರಕ್ಕೆ ಮಾಡುವವನಿಗೂ, ಹೆಸರಿಗೆ ಖಾತೆಯಾಗದ ಹೊಲದಲ್ಲಿ ತಲೆಮಾರುಗಳಿಂದ ಉಳುತ್ತಿರುವವನಿಗೂ, ಅರಣ್ಯಹಕ್ಕಿನ ಪತ್ರವು ಕೈಗೆ ಬಾರದ ಹಾಡಿಯವನಿಗೂ ದರ ನೂರಕ್ಕೆ 2 ಆದರೇನು, 5 ಆದರೇನು? ಬರಹದಲ್ಲಿ ತಪ್ಪಾಗಿ ಕಾಣಿಸಿಕೊಂಡವನು ಹೆಚ್ಚು ಕಂತನ್ನು ಕೊಡುತ್ತಾನೆ. ಬರಹದಲ್ಲಿ ಕಾಣಿಸಿಕೊಳ್ಳದವನು ವಿಮೆಯ ಹೊರಗೇ ಉಳಿಯುತ್ತಾನೆ.

6. ಇಂದಿನ ಪರಿಸ್ಥಿತಿ

ಮೋಟಾರು, ಬೆಂಕಿ ಮುಂತಾದ ವಿಮೆಗಳಿಗೆ ಇಂಡಿಯಾದಲ್ಲಿ ಬಹುಕಾಲ ಎಲ್ಲ ಕಂಪೆನಿಗಳಿಗೂ ಒಂದೇ ದರಪಟ್ಟಿಯಿದ್ದಿತು. 2007ರ ಜನವರಿ 1ರಿಂದ ಅದು ಬಹುಮಟ್ಟಿಗೆ ರದ್ದಾಗಿ, ವಾಹನದಿಂದ ಮೂರನೆಯವರಿಗಾಗುವ ಹಾನಿಯ ವಿಮೆಯೊಂದರ ದರವು ಮಾತ್ರ ಸರ್ಕಾರದ ಕಟ್ಟಿನಲ್ಲಿ ಉಳಿಯಿತು. ದರವನ್ನು ತಾನೇ ಗೊತ್ತುಮಾಡತಕ್ಕ ಕಂಪೆನಿಗೆ ಮಾಹಿತಿಯ ಹಸಿವು ಸಹಜವಾದುದು. 2005ರ ಪತ್ತಿನ ಮಾಹಿತಿ ಸಂಸ್ಥೆಗಳ ಅಧಿನಿಯಮವೂ 2006ರ ವಿನಿಯಮಗಳೂ ವಿಮಾಕಂಪೆನಿಗಳನ್ನು ಪತ್ತಿನ ಮಾಹಿತಿಯನ್ನು ಬಳಸಬಹುದಾದವರ ಪಟ್ಟಿಯಲ್ಲಿ ಸೇರಿಸಿವೆ. 2009ರಲ್ಲಿ ಸ್ಥಾಪಿತವಾದ ವಿಮಾ ಮಾಹಿತಿ ಕೇಂದ್ರವು ಪಾಲಿಸಿಗಳ ಮತ್ತು ಪರಿಹಾರಗಳ ಅಂಕಿಗಳನ್ನು ಒಂದೆಡೆ ಕೂಡಿಸುತ್ತದೆ. 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ವಾಹನವನ್ನು ಎಷ್ಟು ದೂರ, ಹೇಗೆ ಓಡಿಸಿದರೆಂಬುದರ ಮೇಲೆ ಕಂತನ್ನು ವಿಧಿಸಲು ಅನುಮತಿಯಿತ್ತಿತು.

ಇದಕ್ಕೆ ಕಂಪೆನಿಗಳು ಕೊಡುವ ಸಮರ್ಥನೆಯನ್ನು ನಾವು ತಳ್ಳಿಹಾಕಲಾಗದು. ಎಚ್ಚರಿಕೆಯಿಂದ ವಾಹನ ನಡೆಸುವವನು ಎಚ್ಚರವಿಲ್ಲದವನ ಪಾಲನ್ನೂ ಏಕೆ ಹೊರಬೇಕು? ಹಿಂದಿನ ವರ್ಷ ಪರಿಹಾರವನ್ನು ಕೇಳದವನಿಗೆ ಕಂತಿನಲ್ಲಿ ರಿಯಾಯಿತಿ ಕೊಡುವ ಪದ್ಧತಿಯನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಆದರೆ ಇಲ್ಲಿ ಎರಡು ಬಗೆಯ ಮಾಹಿತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ವೇಗವಾಗಿ ಓಡಿಸುವುದು ಅಪಘಾತಕ್ಕೆ ಕಾರಣ. ಅದು ಓಡಿಸುವವನ ಕೈಯಲ್ಲಿರತಕ್ಕದ್ದು. ಸಾಲದ ಕಂತು ತಪ್ಪಿದುದು ಅಪಘಾತಕ್ಕೆ ಕಾರಣವಲ್ಲ, ಹೆಚ್ಚೆಂದರೆ ಅದರ ಜೊತೆಯಲ್ಲಿ ಕಾಣಿಸಿಕೊಳ್ಳುವ ಒಂದು ಗುರುತು. ಮಳೆ ತಪ್ಪಿದ ವರ್ಷ ಸಾಲ ತೀರಿಸದವನಿಗೆ ಅದರ ಮುಂದಿನ ವರ್ಷ ಬೈಸಿಕಲ್ ಮೋಟಾರಿನ ವಿಮೆಯೂ ದುಬಾರಿಯಾದರೆ, ಒಂದೇ ಬರಕ್ಕೆ ಅವನು ಎರಡು ಸಲ ತೆತ್ತಂತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕಂಪೆನಿಗಳು ಜನಾಂಗವನ್ನು ನೋಡಿ ವಿಧಿಸಿದ ದರಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ಹೇಳಲು ನಮಗೆ ಧೈರ್ಯ ಸಾಲದು. ಅಂದೂ ಗುರುತನ್ನೇ ಕಾರಣವೆಂದು ಎಣಿಸಿದ್ದರು.

ಕಾನೂನಿನ ರಕ್ಷಣೆಯು ಮೆಲ್ಲಗೆ ಬೆಳೆಯುತ್ತಿದೆ. ಜೀವವಿಮೆಯಲ್ಲಿ ಹೇಳಿಕೆ ತಪ್ಪೆಂಬ ನೆವದಿಂದ ಪಾಲಿಸಿಯನ್ನು ಪ್ರಶ್ನಿಸುವುದಕ್ಕೆ 1938ರ ವಿಮಾ ಅಧಿನಿಯಮದ 45ನೆಯ ಪ್ರಕರಣವು ಎರಡು ವರ್ಷಗಳ ಮಿತಿಯನ್ನು ಇಟ್ಟಿದ್ದಿತು. 2015ರ ತಿದ್ದುಪಡಿಯಿಂದ ಅದು ಮೂರು ವರ್ಷಗಳಾಯಿತು. ಆದರೆ ಆಮೇಲೆ ವಂಚನೆಯ ಕಾರಣವನ್ನು ಹೇಳಿಯೂ ಪ್ರಶ್ನಿಸುವಂತಿಲ್ಲ. ಪತ್ತಿನ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಅವಕಾಶವು 2017ರಿಂದ ಉಂಟು. ತಪ್ಪನ್ನು ತಿದ್ದಲು 30 ದಿನಗಳನ್ನು ಮೀರಿದರೆ ದಿನಕ್ಕೆ 100 ರೂಪಾಯಿಗಳ ಪರಿಹಾರವನ್ನು ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವು 2024ರಲ್ಲಿ ಜಾರಿಗೆ ಬಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವು ತನ್ನನ್ನು ಕುರಿತ ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಸಮುದಾಯದ ಲೆಕ್ಕವಾಗಲಿ, ಸ್ಥಳದ ಲೆಕ್ಕವಾಗಲಿ, ವ್ಯಕ್ತಿಯ ವರದಿಯಾಗಲಿ ತನ್ನಷ್ಟಕ್ಕೆ ತಾನೇ ನ್ಯಾಯವೂ ಅಲ್ಲ, ಅನ್ಯಾಯವೂ ಅಲ್ಲ. ಮಳೆಮಾಪಕದ ಅಂಕಿಯನ್ನು ಯಾರು ಬೇಕಾದರೂ ನೋಡಬಹುದು, ಪ್ರಶ್ನಿಸಬಹುದು. ಅದರಿಂದ ಬರುವ ನಷ್ಟವೂ ಲಾಭವೂ ಊರಿಗೆಲ್ಲ ಸಮಾನ. ವ್ಯಕ್ತಿಯ ವರದಿಗೆ ಈ ಗುಣವು ಸ್ವಭಾವತಃ ಇಲ್ಲವಾದುದರಿಂದ ಕಾನೂನಿನ ಮೂಲಕ ಅದನ್ನು ತಂದುಕೊಡಬೇಕಾಗುತ್ತದೆ. ವರದಿಯು ಇದೆಯೆಂದು ಆ ವ್ಯಕ್ತಿಗೆ ತಿಳಿದಿರಬೇಕು. ಅದರಿಂದ ದರ ಏರಿದರೆ ಆ ಮಾತನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ತಿದ್ದಿಸಲು ಅವನು ಮೈಸೂರಿಗೋ ಮುಂಬಯಿಗೋ ಅಲೆಯುವಂತಿರಬಾರದು. ಉದ್ರಿಯ ಪುಸ್ತಕದಲ್ಲಿ ಬಾಕಿಯವನೆದುರಿಗೇ ಗೀಟು ಹೊಡೆಯುವ ಸಂತೆಯ ಪದ್ಧತಿಗಿಂತ ಕಡಮೆಯಾದುದನ್ನು ನಾವು ದೊಡ್ಡ ಸಂಸ್ಥೆಗಳಿಂದ ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ.

ಕಡೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಹಳೆಯ ಮಳೆಯ ಅಂಕಿಗಳು, ಸಹಕಾರ ಸಂಘಗಳ ಲೆಕ್ಕದ ಪುಸ್ತಕಗಳು, ಸರ್ಕಾರಿ ನೌಕರರ ವಿಮೆಯ ಕಾಗದಗಳು ಇವುಗಳನ್ನು ಹುಡುಕಿ ಕ್ರಮವಾಗಿ ಓದಿದರೆ, ಚಕ್ರವರ್ತಿಯವರ ಯೋಜನೆಯು 1920ರಲ್ಲಿಯೇ ಜಾರಿಗೆ ಬಂದಿದ್ದರೆ ಯಾವ ಯಾವ ವರ್ಷಗಳಲ್ಲಿ ಅಂತರಸಂತೆಯ ರೈತನಿಗೆ ಹಣ ಸಲ್ಲುತ್ತಿದ್ದಿತೆಂಬುದನ್ನು ಲೆಕ್ಕಹಾಕಬಹುದು. ಅಂಥ ಲೆಕ್ಕವೊಂದನ್ನು ಯಾರಾದರೂ ಕೈಗೊಂಡು ಈ ಸಂಚಿಕೆಗಳಲ್ಲಿ ಪ್ರಕಟಿಸಿದರೆ ನಮ್ಮ ಈ ಶ್ರಮವು ಸಾರ್ಥಕವಾದೀತು.